ಸರಿ-ಬೆಸದ ಡಿಸ್ಕು ನಾನಲ್ಲ

ನಮ್ಮ ಮನೆಯಲ್ಲಿ ದೋಸೆ ಹಿಟ್ಟು ಉಬ್ಬುವುದು ಡಿಸ್ಕಿನ ಪೆಟ್ಟಿಗೆಯ ಬೆನ್ನಿಗೆ. ಕಂಪ್ಯೂಟರು ಕಲಿತವರು ಇದನ್ನು ಕೇಳಿದರೆ ಎದೆ ಹಿಡಿದುಕೊಳ್ಳುತ್ತಾರೆ. ಹಿಡಿದುಕೊಳ್ಳಲಿ. ಗೈದರ್ಸ್‌ಬರ್ಗಿನ ಈ ಮನೆಯ ಬೇಸ್‌ಮೆಂಟಿನಲ್ಲಿ ನನ್ನ ಕೋಣೆ. ಏಪ್ರಿಲಿನಲ್ಲಿ ಹೊರಗಿನ ಚಳಿಗೆ ಅದು ತಣ್ಣಗೆ, ಜೂನಿನಲ್ಲಿ ಏಸಿಗೆ ತಣ್ಣಗೆ. ಅಲ್ಲಿ ಸದಾ ಬೆಚ್ಚಗೆ ಉಸಿರು ಬಿಡುತ್ತಾ ಕೂತಿರುವುದು ಆ ಪೆಟ್ಟಿಗೆ ಒಂದೇ. ಅದರ ಹಿಂದೆ ಪಾತ್ರೆ ಇಟ್ಟು, ಮೇಲೊಂದು ಟವೆಲ್ ಹೊದಿಸಿ ಮಲಗಿದರೆ, ಏಳುವಷ್ಟರಲ್ಲಿ ಹಿಟ್ಟು ಮುಚ್ಚಳ ಎತ್ತಿರುತ್ತದೆ. ಅಮೆರಿಕದಲ್ಲಿ ನನಗೆ ಸಿಕ್ಕ ಸೌಕರ್ಯಗಳಲ್ಲಿ ಇದಕ್ಕಿಂತ ದೊಡ್ಡದು ಯಾವುದೂ ಇಲ್ಲ.

ಪೆಟ್ಟಿಗೆ ನನ್ನ ಹಿರಿಮಗಳು ವಿಜಯಾಳದು. ಅವಳ ನೌಕರಿಯೇ ಅದು. ಆಫೀಸಿನಲ್ಲಿ ಇಂಥವೇ ಪೆಟ್ಟಿಗೆಗಳು ಬೀರುವಿನಷ್ಟು ಎತ್ತರಕ್ಕೆ ಸಾಲಾಗಿ ನಿಂತಿರುತ್ತವಂತೆ. ಅವು ಕೆಡದಂತೆ ನೋಡಿಕೊಳ್ಳುವುದು ಇವಳ ಕೆಲಸ. ಮನೆಗೆ ಅದರದೇ ಒಂದು ಮರಿ ತಂದಿಟ್ಟಿದ್ದಾಳೆ. ನಾಲ್ಕು ಖಾನೆ, ನಾಲ್ಕು ಡಿಸ್ಕು, ನಾಲ್ಕು ಹಸಿರು ದೀಪ. ಒಳಗೆ ನಮ್ಮ ಮನೆತನದ ಮದುವೆ, ಕುಬಸ, ನಾಮಕರಣ ಎಲ್ಲಾ ಇದೆ. ನಮ್ಮ ಯಜಮಾನರು ಹೋಗುವ ಮುಂಚೆ ಕೆಮ್ಮುತ್ತಾ ಕೆಮ್ಮುತ್ತಾ ಹೇಳಿದ ಹಳೆ ಸಂಗತಿಗಳನ್ನೂ ರೆಕಾರ್ಡ್ ಮಾಡಿ ಇಟ್ಟಿದ್ದಾರೆ. ಮಕ್ಕಳು ಆಗಾಗ ಹಾಕಿಕೊಂಡು ಕಣ್ಣು ಒರೆಸಿಕೊಳ್ಳುತ್ತಾರೆ. ನಾನು ಕೇಳುವುದಿಲ್ಲ. ಅವರು ಇದ್ದಾಗಲೇ ಬೇಕಾದಷ್ಟು ಕೇಳಿದ್ದೇನೆ.

ಒಂದು ಮಧ್ಯಾಹ್ನ ನಾನು ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೂತಿದ್ದೆ. ಪೆಟ್ಟಿಗೆ ಕೀ ಕೀ ಎಂದು ಕೂಗಿಕೊಂಡಿತು. ನೋಡಿದರೆ ನಾಲ್ಕು ದೀಪಗಳಲ್ಲಿ ಒಂದು ಕೆಂಪು. ವಿಜಯಾ ಅವತ್ತು ಮನೆಯಿಂದಲೇ ಕೆಲಸ ಮಾಡುತ್ತಿದ್ದಳು. ಮೆಟ್ಟಿಲು ಇಳಿದು ಓಡಿ ಬಂದವಳು ದೀಪಕ್ಕಿಂತ ಮುಂಚೆ ನನ್ನ ಹಿಟ್ಟಿನ ಪಾತ್ರೆ ನೋಡಿದಳು.

"ಅವ್ವಾ! ಇಲ್ಲೆ ಹಿಟ್ಟ ಇಡಬ್ಯಾಡ ಅಂತ ಎಷ್ಟ ಸಲ ಹೇಳೇನಿ ನಿನಗ?"

"ಭಾಳ ಸಲ ಹೇಳೀದಿ. ನಾ ಕೇಳಿಲ್ಲ," ಅಂದೆ. "ಪಾತ್ರಿ ನೋಡು, ಒಂದು ಹನಿ ಹೊರಗ ಬಂದಿಲ್ಲ. ನಿನ್ನ ಪೆಟ್ಟಿಗಿ ತಾನಾಗೇ ಕೆಟ್ಟೈತಿ."

ಪಾತ್ರೆಯನ್ನು ಎತ್ತಿ ತಳ ಒರೆಸಿ ನೋಡಿದಳು. ಒಣಗಿತ್ತು. ಆಮೇಲೆ ಕಂಪ್ಯೂಟರಿನಲ್ಲಿ ಏನೋ ಓದಿ, ಡಿಸ್ಕಿಗೆ ವಯಸ್ಸಾಗಿತ್ತು, ಅಷ್ಟೇ ಅಂದಳು. ವಯಸ್ಸಾದದ್ದು ಯಾವುದು ಕೆಟ್ಟರೂ ಈ ದೇಶದಲ್ಲಿ ಮೊದಲು ಅನುಮಾನ ಬರುವುದು ಅದರ ಪಕ್ಕ ಕೂತ ಮುದುಕಿಯ ಮೇಲೆ.

ಒಂದು ಡಿಸ್ಕು ಸತ್ತಿತು ಅಂದರೆ ನಾಲ್ಕರಲ್ಲಿ ಒಂದು ಪಾಲು ಫೋಟೋ ಹೋಯಿತು ಅಂತ ನಾನು ತಿಳಿದೆ. ವಿಜಯಾ ಮೊಬೈಲಿನಲ್ಲಿ ಯಜಮಾನರ ಫೋಟೋ ತೆಗೆದು ತೋರಿಸಿದಳು. ಪೂರ್ತಿ ಇದ್ದರು, ಮೀಸೆ ಸಮೇತ. ಸ್ವಲ್ಪ ನಿಧಾನವಾಗಿ ಬಂದರು. ಇದ್ದಾಗಲೂ ಕರೆದ ತಕ್ಷಣ ಬಂದವರೇನಲ್ಲ.

"ಇದ ಹೆಂಗ?" ಅಂದೆ.

ಅವಳು ಕಾರ್ಪೆಟ್ಟಿನ ಮೇಲೆ ನನ್ನ ಎದುರು ಕೂತು ನಾಲ್ಕು ಬಟ್ಟಲು ಇಟ್ಟುಕೊಂಡಳು. ಒಂದು ಫೋಟೋವನ್ನು ಇಡಿಯಾಗಿ ಒಂದೇ ಡಿಸ್ಕಿಗೆ ಹಾಕುವುದಿಲ್ಲ. ರೊಟ್ಟಿ ಹರಿದ ಹಾಗೆ ಹರಿದು, ಒಂದು ತುಂಡು ಇದಕ್ಕೆ, ಒಂದು ಅದಕ್ಕೆ, ಒಂದು ಆಚೆಯದಕ್ಕೆ. ಇದಕ್ಕೆ ಸ್ಟ್ರೈಪಿಂಗ್ ಅನ್ನುತ್ತಾರೆ. ಓದುವಾಗ ಎಲ್ಲಾ ಡಿಸ್ಕೂ ಒಟ್ಟಿಗೆ ತಮ್ಮ ತಮ್ಮ ತುಂಡು ಕೊಡುತ್ತವೆ, ಕೆಲಸ ಬೇಗ ಆಗುತ್ತದೆ. ಮದುವೆ ಮನೆಯಲ್ಲಿ ಒಬ್ಬಳೇ ರೊಟ್ಟಿ ಬಡಿಯುವುದಕ್ಕೂ ಸಾಲಾಗಿ ಕೂತು ಬಡಿಯುವುದಕ್ಕೂ ಇರುವಷ್ಟು ವ್ಯತ್ಯಾಸ. ಆದರೆ ಬರೀ ಇಷ್ಟೇ ಮಾಡಿದರೆ ಅಪಾಯ. ಒಂದು ಡಿಸ್ಕು ಸತ್ತರೆ ಎಲ್ಲಾ ಫೋಟೋಗಳಲ್ಲೂ ಒಂದೊಂದು ತುಂಡು ಮಾಯ. ಒಬ್ಬರಿಗೆ ಮೂಗಿಲ್ಲ, ಒಬ್ಬರಿಗೆ ಕಾಲಿಲ್ಲ.

ಅದಕ್ಕೇ ನಾಲ್ಕನೆಯ ಬಟ್ಟಲು. ನಾನು ಬಿಡಿಸಿಟ್ಟ ಹುಣಸೆ ಬೀಜವನ್ನು ಅವಳು ಮೂರು ಬಟ್ಟಲಿಗೆ ಹಾಕಿದಳು. ಕೆಲವಕ್ಕೆ ಒಂದು ಬೀಜ, ಕೆಲವಕ್ಕೆ ಏನೂ ಇಲ್ಲ. "ಒಟ್ಟು ಬೆಸ ಬಂದ್ರ ನಾಲ್ಕನೇದಕ್ಕ ಒಂದು ಬೀಜ ಹಾಕೂದು. ಸರಿ ಬಂದ್ರ ಖಾಲಿ ಬಿಡೂದು. ಅಂದ್ರ ನಾಲ್ಕೂ ಸೇರಿದ್ರ ಯಾವಾಗಲೂ ಸರೀನ ಆಗಬೇಕು. ಈಗ ಯಾವದರ ಒಂದು ಮುಚ್ಚು."

ಒಂದು ಬಟ್ಟಲಿನ ಮೇಲೆ ಅಂಗೈ ಇಟ್ಟೆ. ಉಳಿದ ಮೂರನ್ನು ಕೂಡಿಸಿದರೆ ಬೆಸ. ಹಾಗಾದರೆ ನನ್ನ ಅಂಗೈ ಕೆಳಗೆ ಒಂದು ಬೀಜ ಇರಲೇಬೇಕು. ಕೈ ತೆಗೆದೆ. ಇತ್ತು.

ಸರಿಯೋ ಬೆಸವೋ! ಮುಷ್ಟಿಯಲ್ಲಿ ಬೀಜ ಹಿಡಿದು ಕೇಳುತ್ತಿದ್ದ ಆಟ. ರಾಣೆಬೆನ್ನೂರಿನಲ್ಲಿ ನಮ್ಮ ಕಟ್ಟೆಯ ಮೇಲೆ ಲಂಗ ಹರಡಿಕೊಂಡು ಆಡಿ ಆಡಿ ಬಿಟ್ಟದ್ದು.

"ಇಷ್ಟಕ್ಕ ನಿನಗ ಎಂ.ಎಸ್. ಬೇಕಾತೇನು?" ಅಂದೆ.

ಅವಳಿಗೆ ಸಿಟ್ಟು ಬರಲಿಲ್ಲ. ನನಗೇ ಒಂದು ಅನುಮಾನ ಬಂತು. ಸರಿ-ಬೆಸ ಗೊತ್ತಾದರೆ ಮುಷ್ಟಿಯಲ್ಲಿ ಮೂರಿದೆಯೋ ಐದಿದೆಯೋ ಗೊತ್ತಾಗುವುದಿಲ್ಲವಲ್ಲ? ಕಂಪ್ಯೂಟರಿಗೆ ಆ ತಾಪತ್ರಯ ಇಲ್ಲವಂತೆ. ಅದರ ಒಂದೊಂದು ಬಟ್ಟಲಿನಲ್ಲಿ ಒಂದೋ ಬೀಜ ಇರುತ್ತದೆ, ಇಲ್ಲವೋ ಇಲ್ಲ. ಮೂರನೆಯ ಮಾತೇ ಇಲ್ಲ. ಹಾಗಾಗಿ ಸರಿ-ಬೆಸ ತಿಳಿದರೆ ಎಲ್ಲಾ ತಿಳಿದ ಹಾಗೆ. ಇದಕ್ಕೆ ಪ್ಯಾರಿಟಿ ಅಂತ ಹೆಸರು. ಐದನೇ ಇಯತ್ತೆಗೆ ಶಾಲೆ ಬಿಟ್ಟವಳಿಗೂ ತಿಳಿಯುವ ಸಂಗತಿಗೆ ಎಂಥಾ ಹೆಸರು ಇಟ್ಟು ಮೇಲೆ ಅಟ್ಟದಲ್ಲಿ ಇಟ್ಟಿದ್ದಾರೆ ನೋಡಿ.

"ಅಂದ್ರ ಈ ಪೆಟ್ಟಿಗಿಗೆ ಸಾವೇ ಇಲ್ಲೇನು?"

ಇದೆ. ಹೊಸ ಡಿಸ್ಕು ಬಂದು ಕೂರುವುದಕ್ಕೆ ಮುಂಚೆ ಇನ್ನೊಂದು ಸತ್ತರೆ ಎಲ್ಲಾ ಹೋಯಿತು. ಎರಡು ಬಟ್ಟಲು ಮುಚ್ಚಿದರೆ ಯಾವ ಆಟಗಾರ್ತಿಗೂ ಹೇಳಲು ಬರುವುದಿಲ್ಲ. ಇನ್ನೊಂದು ಗಂಡಾಂತರ ನಮ್ಮ ಅಳಿಯ, ವಿಜಯಾಳ ಗಂಡ. ಹಿಂದಿನ ವರ್ಷ ಪ್ರಕಾಶ ಡಿಸ್ಕಿನಲ್ಲಿ ಜಾಗ ಖಾಲಿ ಮಾಡುತ್ತೇನೆಂದು ಕೂತು ಮೊಮ್ಮಗಳ ನಾಮಕರಣದ ಫೋಟೋಗಳನ್ನೆಲ್ಲಾ ಅಳಿಸಿಬಿಟ್ಟಿದ್ದ. ಪೆಟ್ಟಿಗೆ ಒಂದು ಮಾತೂ ಎದುರಾಡದೆ ನಾಲ್ಕೂ ಡಿಸ್ಕಿನಿಂದ ಅಳಿಸಿತು, ಸರಿ-ಬೆಸವನ್ನೂ ಸರಿಯಾಗಿ ಲೆಕ್ಕ ಹಾಕಿ. ಸಾವಿನಿಂದ ಕಾಯುತ್ತದೆ ಪ್ಯಾರಿಟಿ, ದಡ್ಡತನದಿಂದ ಕಾಯುವುದಿಲ್ಲ. ಅದಕ್ಕೆ ಬೇರೆ ಮನೆಯಲ್ಲೇ ಒಂದು ಪ್ರತಿ ಇರಬೇಕು. ಡುಲುತ್‌ನಲ್ಲಿರುವ ನನ್ನ ಮಗ ಗಿರೀಶನ ಮನೆಯಲ್ಲಿ ಇತ್ತು. ಅದನ್ನು ತರಿಸಿಕೊಂಡರು. ಅದಕ್ಕೆ ಬ್ಯಾಕಪ್ ಅನ್ನಬೇಕು, ಪ್ಯಾರಿಟಿ ಅನ್ನಬಾರದು ಎಂದು ವಿಜಯಾ ಬಾಗಿಲ ತನಕ ಹೇಳುತ್ತಾ ಹೋದಳು. ಈ ವಿಷಯದಲ್ಲಿ ಅವಳು ಭಟ್ಟರಿಗಿಂತ ಮಡಿ.

ಹೊಸ ಡಿಸ್ಕಿಗೆ ಆರ್ಡರ್ ಹೋಯಿತು. ಅದು ಬರುವ ತನಕ ಪೆಟ್ಟಿಗೆ ಮೂರು ಕಾಲಿನಲ್ಲಿ ಕುಂಟುತ್ತಾ ನಡೆಯಿತು. ಆ ಕುಂಟುವ ಸ್ಥಿತಿಗೂ ಒಂದು ಹೆಸರಿದೆ, ಡಿಗ್ರೇಡೆಡ್. ನನ್ನ ಪಾತ್ರೆಗೆ ಬಹಿಷ್ಕಾರ ಬಿತ್ತು. ದೋಸೆಗಳು ಚಪ್ಪಲಿಯ ಅಟ್ಟೆಯ ಹಾಗೆ ಎದ್ದವು. ತಿನ್ನಲಿ ಅಂತ ಬಡಿಸಿದೆ.

ಆ ದಿನಗಳಲ್ಲಿ ನಾನು ಬಹಳ ಯೋಚನೆ ಮಾಡಿದೆ. ಯಾಕೆಂದರೆ ಈ ಸ್ಟ್ರೈಪಿಂಗ್ ನನಗೆ ಹೊಸದಲ್ಲ. ನನ್ನನ್ನೇ ಹರಿದು ಹಂಚಿದ್ದಾರೆ. ಚಳಿಗಾಲಕ್ಕೆ ದಕ್ಷಿಣದ ಡುಲುತ್‌ನಲ್ಲಿ ಗಿರೀಶನ ಮನೆ, ಅಲ್ಲಿ ಬಿಸಿಲು ಜಾಸ್ತಿ. ಅದು ಮುಗಿದ ಮೇಲೆ ಒಂದಷ್ಟು ದಿನ ನಾರ್ತ್ ಕ್ಯಾರೊಲೈನಾದಲ್ಲಿ, ಡಾಕ್ಟರಾಗಿರುವ ಕಿರಿಮಗಳು ಸುಮಾಳ ಮನೆ. ಬೇಸಗೆಗೆ ಇಲ್ಲಿ. ನನ್ನ ರೊಟ್ಟಿ ಹಂಚು ಸುಮಾಳ ಮನೆಯಲ್ಲಿದೆ, ಮಂಡಿಗೆ ಹಾಕುವ ಪಟ್ಟಿ ಡುಲುತ್‌ನಲ್ಲಿದೆ, ಓದುವ ಕನ್ನಡಕ ಎಲ್ಲಿದೆಯೋ ಶಿವನಿಗೇ ಗೊತ್ತು. ಎಲ್ಲಿದ್ದರೂ ನಾನು ಪೂರ್ತಿ ಇರುವುದಿಲ್ಲ. ನಡುವೆ ಯಾರ ಮನೆಯಲ್ಲಿ ಯಾರಿಗೆ ಸೀನು ಬಂದರೂ ನನಗೊಂದು ವಿಮಾನದ ಟಿಕೆಟ್ ಬರುತ್ತದೆ.

ಎರಡು ವರ್ಷದಿಂದ ಮಾತ್ರ ನನ್ನದು ಅಂತ ಒಂದು ವಸ್ತು ಆಗಿದೆ. ಇಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಊರಿನವರಿಗೆ ಹಂಚುವ ತೋಟ. ಬೇಲಿಯೊಳಗೆ ಚೌಕ ಚೌಕ ಜಾಗ. ಅರ್ಜಿ ಹಾಕಿದರೆ ಸರದಿ ಪ್ರಕಾರ ಕೊಡುತ್ತಾರೆ. ಒಂದೇ ಷರತ್ತು, ಕಳೆ ಬೆಳೆಯಬಾರದು. ಬೆಳೆದರೆ ಒಂದು ಚೀಟಿ ಅಂಟಿಸುತ್ತಾರೆ. ಆಮೇಲೂ ಕೀಳದಿದ್ದರೆ ಜಾಗ ಸಾಲಿನಲ್ಲಿ ನಿಂತ ಮುಂದಿನವರಿಗೆ. ಮೊದಲನೇ ವರ್ಷ ಮೆಂತ್ಯೆ ಎರಡೆಲೆ ಬಿಟ್ಟಿತ್ತು, ಅಷ್ಟರಲ್ಲಿ ಸುಮಾಳ ಬಾಣಂತನಕ್ಕೆ ಹೊರಟೆ. ತಿರುಗಿ ಬರುವಷ್ಟರಲ್ಲಿ ನನ್ನ ಜಾಗದಲ್ಲಿ ಯಾರೋ ಟೊಮೆಟೊಗೆ ಕೋಲು ನೆಟ್ಟಿದ್ದರು. ಈ ವರ್ಷ ಮತ್ತೆ ಅರ್ಜಿ ಹಾಕಿ, ಮತ್ತೆ ಸಿಕ್ಕಿತು. ಬದನೆ, ಹೀರೆ, ಊರಿನಿಂದ ಸೆರಗಿನಲ್ಲಿ ಗಂಟು ಹಾಕಿ ತಂದ ರಾಜಗಿರಿ ಬೀಜ, ಎಲ್ಲಾ ಹಾಕಿದೆ. ಪಕ್ಕದ ಚೌಕದಲ್ಲಿ ಕೊರಿಯಾದ ಒಬ್ಬಳು ಮುದುಕಿ. ಅವಳ ಮಾತು ನನಗೆ ಬಾರದು, ನನ್ನದು ಅವಳಿಗೆ ಬಾರದು. ಇಷ್ಟು ಚೆಂದದ ಸ್ನೇಹ ನನಗೆ ಇನ್ನಾರ ಜೊತೆಗೂ ಆಗಿಲ್ಲ. ರಾಜಗಿರಿ ಸಸಿ ದಟ್ಟವಾದಾಗ ಒಂದು ಹಿಡಿ ಕಿತ್ತು ಅವಳಿಗೆ ಕೊಟ್ಟೆ. ಮೂಸಿ ನೋಡಿ, ಗೊತ್ತಿರುವ ನೆಂಟರನ್ನು ಕಂಡ ಹಾಗೆ ನಕ್ಕು, ತನ್ನ ಮಡಿಯಲ್ಲಿ ನೆಟ್ಟುಕೊಂಡಳು.

ಹೊಸ ಡಿಸ್ಕು ಬಂತು. ವಿಜಯಾ ಅದನ್ನು ಖಾನೆಗೆ ತಳ್ಳಿದಳು. ಉಳಿದ ಮೂರೂ ತಮ್ಮ ಒಡಲಲ್ಲಿ ಇರುವುದನ್ನೆಲ್ಲಾ ಮೊದಲಿನಿಂದ ಕೊನೆತನಕ ಓದಿ ಹೇಳಬೇಕು, ಸರಿ-ಬೆಸ ಕೂಡಿಸಿ ಹೊಸದಕ್ಕೆ ತುಂಬಬೇಕು. ಇದು ರೀಬಿಲ್ಡ್. ವಿಜಯಾಳ ಮುಖದಲ್ಲಿ ನಗು ಇರಲಿಲ್ಲ. ನಾಲ್ಕನ್ನೂ ಒಂದೇ ದಿನ ಕೊಂಡದ್ದಂತೆ. ಒಂದಕ್ಕೆ ವಯಸ್ಸಾಗಿದ್ದರೆ ಉಳಿದವೇನು ಹುಡುಗಿಯರೇ? ಇಂಥಾ ಹೊತ್ತಿನಲ್ಲೇ, ಎಲ್ಲರ ಭಾರ ಹೊರುವಾಗಲೇ, ಎರಡನೆಯದು ಬೀಳುವುದು ಜಾಸ್ತಿ.

ಪೆಟ್ಟಿಗೆ ಗುರುಗುಡುತ್ತಿರುವಾಗಲೇ ಡುಲುತ್‌ನಿಂದ ಫೋನು. ನಮ್ಮ ಸೊಸೆ ಶೋಭಾ ಮೆಟ್ಟಿಲ ಮೇಲೆ ಜಾರಿ ಪಾದದ ಗಂಟು ಮುರಿದುಕೊಂಡಿದ್ದಳು. ಪ್ಲಾಸ್ಟರ್ ಹಾಕಿ ಮಲಗಿಸಿದ್ದಾರೆ. ಮಕ್ಕಳಿಗೆ ರಜೆ, ಗಿರೀಶನಿಗೆ ಆಫೀಸು. ಸುಮಾಳೂ ಫೋನಿಗೆ ಸೇರಿಕೊಂಡಳು. ಮೂರು ಮನೆಯ ಮಾತು ನನ್ನ ಎದುರಿನ ಮೇಜಿನ ಮೇಲೆ.

"ಅವ್ವಾ, ಶನಿವಾರಕ್ಕ ಟಿಕೆಟ್ ಬುಕ್ ಮಾಡ್ಲೇನು? ನೀ ಬಂದ್ರ ಎಲ್ಲಾ ಸೆಟ್ ಆಗ್ತೈತಿ," ಅಂದ ಗಿರೀಶ.

"ವಾಪಸ್ ಯಾವಾಗ?"

"ಅದನ್ನ ಆಮ್ಯಾಲೆ ನೋಡೋಣಂತ."

ಆಮೇಲೆ ನೋಡೋಣ ಅಂದರೆ ದೀಪಾವಳಿ. ಅಷ್ಟರಲ್ಲಿ ನನ್ನ ಚೌಕದಲ್ಲಿ ಯಾರ ಟೊಮೆಟೊ ಹಣ್ಣಾಗಿರುತ್ತದೋ.

ಸುಮಾ ಸಮಾಧಾನಕ್ಕೆ ಅಂತ ಹೇಳಿದಳು, "ಅಕ್ಕನ ಪೆಟ್ಟಿಗಿ ಕಥಿ ಕೇಳಿದ್ಮ್ಯಾಲೆ ನನಗ ಅನಿಸ್ತು, ಅವ್ವ ನಮ್ಮ ಫ್ಯಾಮಿಲಿಗೆ ಪ್ಯಾರಿಟಿ ಡಿಸ್ಕ್ ಇದ್ದಾಂಗ. ಯಾರು ಬಿದ್ರೂ ಅವ್ವ ಬಂದು ತುಂಬತಾಳ."

ಮೂವರೂ ನಕ್ಕರು. ಹೊಗಳಿದೆವು ಅಂತ ಅವರ ಲೆಕ್ಕ. ನಾನು ವಿಜಯಾಳ ಕಡೆ ತಿರುಗಿದೆ.

"ನಿನ್ನ ಪೆಟ್ಟಿಗ್ಯಾಗ ಆ ಸರಿ-ಬೆಸದ ಡಿಸ್ಕ್ ಯಾವುದು? ಬೊಟ್ಟು ಮಾಡಿ ತೋರಸು."

"ಹಂಗ ಒಂದು ಅಂತ ಇಲ್ಲವ್ವಾ. ಹಿಂದಕ ಒಂದನ್ನ ಅದಕ್ಕ ಮೀಸಲಿಡತಿದ್ರು. ಆದರ ಯಾವ ಡಿಸ್ಕಿಗೆ ಏನ ಬರದ್ರೂ ಇದಕ್ಕೂ ಬರೀಬೇಕಲ್ಲ? ಎಲ್ಲಾರ ಕೆಲಸಾನೂ ಅದರ ತಲಿಮ್ಯಾಲೆ. ಉಳಿದಾವು ಅದಕ್ಕ ಕಾಯ್ಕೊಂತ ಕೂಡಬೇಕಾಗತಿತ್ತು. ಅದಕ್ಕ ಈಗ ಪ್ಯಾರಿಟೀನ ನಾಲ್ಕೂ ಡಿಸ್ಕಿಗೆ ಹಂಚತಾರ. ಈ ಸಾಲಿಗೆ ಇದು ಲೆಕ್ಕ ಇಟ್ಕೊಂಡ್ರ, ಮುಂದಿನ ಸಾಲಿಗೆ ಅದು. ಸರದಿ ಮ್ಯಾಲೆ..."

ಹೇಳುತ್ತಾ ಹೇಳುತ್ತಾ ಅವಳ ದನಿ ಸಣ್ಣದಾಯಿತು. ಬುದ್ಧಿವಂತೆ. ತಾನು ಎಲ್ಲಿಗೆ ಬಂದು ನಿಂತೆ ಅಂತ ಅವಳಿಗೆ ನನಗಿಂತ ಮೊದಲೇ ಗೊತ್ತಾಯಿತು.

"ಪೆಟ್ಟಿಗಿಗೆ ಇರೂ ನ್ಯಾಯ ನಿಮ್ಮವ್ವಗ ಯಾಕಿಲ್ಲ?" ಅಂದೆ. "ಆ ಮೀಸಲ ಡಿಸ್ಕನ್ನ ಒಂದನ್ನ ತಗದು ನೋಡಿದ್ರ ಒಳಗ ಒಂದ ಫೋಟೋ ಆದ್ರೂ ಇರತೈತೇನು?"

"ಇಲ್ಲವ್ವಾ. ಬರೇ ಉಳಿದಾವುಗಳ ಲೆಕ್ಕ."

"ಹಂಗಾರ ಅದು ನಾನಲ್ಲ. ನನ್ನೊಳಗ ನಂದ ಐತಿ. ಬದನಿ ಐತಿ, ಹೀರಿ ಐತಿ, ರಾಜಗಿರಿ ಐತಿ. ಗಿರೀಶಾ, ಟಿಕೆಟ್ ಬುಕ್ ಮಾಡಬ್ಯಾಡ."

ಗಿರೀಶ, "ಅವ್ವಾ, ಶೋಭಾಂದು ಕಾಲು ಮುರದೈತಿ, ನೀ ನೋಡಿದ್ರ ಪಲ್ಯೆದ ಮಾತಾಡ್ತಿ," ಅಂದ. ಅವನಿಗೆ ನೋವಾಗಿತ್ತು. ಆಗಲಿ. ಮೆಟ್ಟಿಲ ಮೇಲಿದ್ದ ಮೊಮ್ಮಗಳು ನಿಧಿ "ಅಜ್ಜಿ ಈಸ್ ಆನ್ ಸ್ಟ್ರೈಕ್!" ಎಂದು ತನ್ನಪ್ಪನಿಗೆ ವರದಿ ಒಪ್ಪಿಸಲು ಓಡಿದಳು.

ನಾನು ಸ್ಟ್ರೈಕ್ ಮಾಡಲಿಲ್ಲ. ಬರುತ್ತೇನೆ, ಒಂದು ವಾರ ಬರುತ್ತೇನೆ ಅಂದೆ. ಸುಮಾ ರಜೆ ಹಾಕಿ ಒಂದು ವಾರ ಬರಲಿ, ಕಾರಿನಲ್ಲಿ ಹೊರಟರೆ ಸಂಜೆಯೊಳಗೆ ಮುಟ್ಟುತ್ತಾಳೆ. ವಿಜಯಾ ಒಂದು ವಾರ ಹೋಗಲಿ, ಲ್ಯಾಪ್‌ಟಾಪ್ ಎಲ್ಲಿಟ್ಟರೂ ಅವಳ ಕೆಲಸ ನಡೆಯುತ್ತದೆ. ಉಳಿದ ವಾರ ಗಿರೀಶನೇ ತನ್ನ ಮನೆಯನ್ನು ತಾನು ನೋಡಿಕೊಳ್ಳಲಿ, ಅದನ್ನು ಸಹಾಯ ಅಂತ ಕರೆಯುವ ಅಗತ್ಯವಿಲ್ಲ. ಈ ಎಪ್ಪತ್ತು ದಾಟಿದ ಮಂಡಿ ಇಟ್ಟುಕೊಂಡು ನಾನೊಬ್ಬಳೇ ಎಲ್ಲಾ ಮನೆ ತುಂಬಲು ಹೋಗಿ, ಡುಲುತ್‌ನ ಅದೇ ಮೆಟ್ಟಿಲ ಮೇಲೆ ನಾನೂ ಜಾರಿದರೆ? ಎರಡು ಬಟ್ಟಲು ಮುಚ್ಚಿದ ಹಾಗೆ. ಆಗ ಯಾವ ಸರಿ-ಬೆಸ ಕೂಡಿಸುತ್ತೀರಿ?

ಡಾಕ್ಟರ್ ಮಗಳು ಮೊದಲು ಒಪ್ಪಿದಳು. ಮಂಡಿಯ ಮಾತು ಅವಳಿಗೆ ಅರ್ಥವಾಗುತ್ತದೆ. ಗಿರೀಶ "ಆತು" ಅಂದು ಫೋನ್ ಇಟ್ಟ. ಆ "ಆತು" ಯಾವ ಜಾತಿಯದು ಅಂತ ಹೆತ್ತವಳಿಗೆ ಗೊತ್ತು. ಅವತ್ತು ನನಗೆ ಊಟ ಸೇರಲಿಲ್ಲ ಅಂತ ನೀವು ತಿಳಿದಿದ್ದರೆ ತಪ್ಪು. ಚೆನ್ನಾಗಿ ಉಂಡೆ.

ಸುಮಾ ಹೋಗಿ ಬಂದಳು. ಆಮೇಲೆ ನನ್ನ ಸರದಿ. ಹೊರಡುವ ಮುಂಚೆ ವಿಜಯಾಳನ್ನು ತೋಟಕ್ಕೆ ಕರೆದುಕೊಂಡು ಹೋಗಿ, ದಿನಾ ನೀರು ಹಾಕು, ಕಳೆ ಕೀಳು ಅಂತ ಹೇಳಿದೆ. ಅಷ್ಟು ಹೇಳಿದ್ದು ಸಾಕು ಅಂದುಕೊಂಡೆ.

ಡುಲುತ್‌ನಲ್ಲಿ ಮನೆ ಕುಂಟುತ್ತಾ ನಡೆಯುತ್ತಿತ್ತು. ಸಿಂಕಿನಲ್ಲಿ ಪಾತ್ರೆ ಗುಡ್ಡ, ಮಕ್ಕಳ ಕಾಲಿಗೆ ಜೋಡಿಯಲ್ಲದ ಸಾಕ್ಸು, ಗಿರೀಶ ಮಾಡಿದ ಚಪಾತಿಗೆ ಯಾವ ದೇಶದ ಆಕಾರವೂ ಇಲ್ಲ. ಆದರೂ ನಡೆಯುತ್ತಿತ್ತು. ಶೋಭಾ ಹಾಸಿಗೆಯಲ್ಲಿ ಕೂತೇ ಸೊಪ್ಪು ಸೋಸುತ್ತಿದ್ದಳು. ನನ್ನನ್ನು ಹತ್ತಿರ ಕೂರಿಸಿಕೊಂಡು, "ಅತ್ತಿ, ನೀವು ಬರೂದಿಲ್ಲ ಅಂದಿದ್ದು ಚಲೋ ಆತು. ಮದುವಿ ಆದಾಗಿಂದ ಇವರಿಗೆ ಸಾಸಿವಿ ಡಬ್ಬಿ ಎಲ್ಲೈತಿ ಅಂತ ಗೊತ್ತಿರಲಿಲ್ಲ," ಎಂದು ಪಿಸುಗುಟ್ಟಿದಳು. ಗಿರೀಶ ಮೂರು ದಿನ ಮುಖ ಗಂಟಿಕ್ಕಿಕೊಂಡಿದ್ದ. ನಾಲ್ಕನೇ ದಿನ ತಾನೇ ಒಗ್ಗರಣೆ ಹಾಕಿ, ಸಾಸಿವೆ ಸಿಡಿದು ಕೈ ಸುಟ್ಟುಕೊಂಡು, "ಉಪ್ಪು ಸರಿ ಐತೇನವ್ವಾ?" ಅಂದ. ಉಪ್ಪು ಜಾಸ್ತಿ ಆಗಿತ್ತು. ಹಾಗಂತ ಹೇಳಿದೆ.

ವಾರ ಮುಗಿದ ಕೂಡಲೇ ಹೊರಟು ಬಂದೆ. ಬೇಸ್‌ಮೆಂಟಿನಲ್ಲಿ ನಾಲ್ಕೂ ದೀಪ ಹಸಿರು. ರೀಬಿಲ್ಡ್ ಎಂದೋ ಮುಗಿದಿತ್ತು, ಯಾವುದೂ ಬೀಳಲಿಲ್ಲ. ನೇರ ತೋಟಕ್ಕೆ ನಡೆದೆ, ವಿಜಯಾ ಹಿಂದೆ ಹಿಂದೆ. ಚೀಟಿ ಅಂಟಿಸಿರಲಿಲ್ಲ. ಜಾಗ ನನ್ನದೇ. ಬದನೆ ಹೂ ಬಿಟ್ಟಿತ್ತು, ಹೀರೆ ಬೇಲಿ ಹತ್ತಿತ್ತು. ಒಂದು ಎಲೆ ಕಳೆ ಇಲ್ಲ. ಒಂದು ಎಲೆ ರಾಜಗಿರಿಯೂ ಇಲ್ಲ.

"ಇಲ್ಲಿ ಇದ್ದದ್ದು ಎಲ್ಲೆ ಹೋತು?"

"ಅದಾ? ಫೋನಿಗೆ ಫೋಟೋ ತೋರಿಸಿ ಕೇಳಿದೆ, ಪಿಗ್‌ವೀಡ್ ಅಂತು. ಕಳಿ ಅಂತ ಎಲ್ಲಾ ಕಿತ್ತು ಒಗದ್ನಿ."

ನಮ್ಮ ರಾಜಗಿರಿಗೆ ಈ ದೇಶದಲ್ಲಿ ಕಳೆಯ ಹೆಸರು. ಊರಿನಿಂದ ತಂದ ಬೀಜವನ್ನೆಲ್ಲಾ ಬಿತ್ತಿ ಮುಗಿಸಿದ್ದೆ. ಬಾಯಿಗೆ ಬಂದದ್ದನ್ನೆಲ್ಲಾ ಅನ್ನಬೇಕು ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಪಕ್ಕದ ಚೌಕದ ಮುದುಕಿ ಕೈ ಬೀಸಿದಳು. ನನ್ನ ಖಾಲಿ ಮಡಿ ನೋಡಿದಳು, ನನ್ನ ಮಗಳ ಮುಖ ನೋಡಿದಳು. ಎಲ್ಲಾ ತಿಳಿಯಿತು ಅವಳಿಗೆ. ಬಗ್ಗಿ, ತನ್ನ ಮಡಿಯಿಂದ ಮಣ್ಣು ಸಮೇತ ಒಂದು ಹಿಡಿ ಸಸಿ ಎತ್ತಿ, ಅಂಚು ದಾಟಿ ಬಂದು ನನ್ನ ಸೆರಗಿಗೆ ಹಾಕಿದಳು. ಅವೇ, ನಾನು ಕೊಟ್ಟವು. ನನ್ನ ಕೈಯಲ್ಲಿದ್ದಾಗಿನದಕ್ಕಿಂತ ದಪ್ಪಗಾಗಿದ್ದವು.

ನಾನು ಕೂತು ನೆಡತೊಡಗಿದೆ. ವಿಜಯಾಳಿಗೆ ತಡೆಯಲಾಗಲಿಲ್ಲ.

"ಅವ್ವಾ, ನೋಡು, ಇದು ರೀಬಿಲ್ಡ್ ಅಲ್ಲ. ಇದು ಬ್ಯಾಕಪ್."

"ಏನರ ಅನ್ನು," ಅಂದೆ. "ಮೊದಲ ನೀರ ತಗೊಂಡ ಬಾ."